ಹಳದಿ ಗಾಡಿ ಎಡಕ್ಕೆ ತಿರುಗಿದ ದಿನ

ಆಸ್ಪತ್ರೆಗಳಲ್ಲಿ ಮಾಸ್ಕ್ ಕಡ್ಡಾಯವಲ್ಲ ಎಂಬ ಸುತ್ತೋಲೆ ಬಂದ ಮರುವರ್ಷದ ಚಳಿಗಾಲ. ನಾನಾಗ ದಕ್ಷಿಣ ಲಂಡನ್ನಿನ ಒಂದು ಪುನಶ್ಚೇತನ ಘಟಕದಲ್ಲಿ ಹಿರಿಯ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿತ್ತು. ಈ ಹುದ್ದೆಯ ಹೆಸರು ಕೇಳಿದ ಮೈಸೂರಿನ ನನ್ನ ಬಂಧುಗಳು ನಾನು ಜನರಿಗೆ ನೌಕರಿ ಕೊಡಿಸುತ್ತೇನೆಂದೇ ಇಂದಿಗೂ ತಿಳಿದಿದ್ದಾರೆ. ನಿಜವಾದ ಕೆಲಸ ಇಷ್ಟು: ಪಾರ್ಶ್ವವಾಯು ಹೊಡೆದವರ ಕಾಲಿಗೆ ಫಿಸಿಯೋಥೆರಪಿಸ್ಟ್ ನಡಿಗೆ ಕಲಿಸುತ್ತಾರೆ. ಆ ಕಾಲಿನ ಯಜಮಾನರು ಬಚ್ಚಲಿಗೆ ಹೋಗಿ, ಸ್ನಾನ ಮುಗಿಸಿ, ಅಂಗಿಯ ಗುಂಡಿ ಹಾಕಿಕೊಂಡು, ಒಂದು ಲೋಟ ಟೀ ಮಾಡಿಕೊಂಡು ಕೂರುವಂತೆ ಮಾಡುವುದು ನಮ್ಮ ಪಾಲು. ಮನುಷ್ಯ ಮನೆಗೆ ಹೋಗಬಲ್ಲನೇ ಎಂಬ ಪ್ರಶ್ನೆಗೆ ಉತ್ತರ ಬರೆಯುವವರು ನಾವು. ಆ ಉತ್ತರದಲ್ಲಿ ನಾನು ಒಂದು ಪದ ತಪ್ಪು ಬರೆದೆ. ಅದರ ಕಥೆ ಇದು.

ನಮ್ಮ ಘಟಕದಲ್ಲಿ ಹದಿನೆಂಟು ಹಾಸಿಗೆ. ಕಿಟಕಿ ತೆರೆದರೆ ದೂರದಲ್ಲಿ ಕ್ರೋಯ್ಡನ್ ಟ್ರಾಮಿನ ಗಂಟೆ ಕೇಳುತ್ತಿತ್ತು. ಆ ಗಂಟೆ ಕೇಳಿದಾಗಲೆಲ್ಲ ಹನ್ನೊಂದನೇ ಹಾಸಿಗೆಯ ಗುರುಪಾದಪ್ಪನವರು ಕೈಗಡಿಯಾರ ನೋಡಿ, ಟ್ರಾಮ್ ಎಷ್ಟು ನಿಮಿಷ ತಡ ಎಂದು ಹೇಳುತ್ತಿದ್ದರು. ಇಪ್ಪತ್ತು ವರ್ಷ ಅದೇ ಟ್ರಾಮ್ ಓಡಿಸಿದವರು ಅವರು. ಮೂಲತಃ ಹುಬ್ಬಳ್ಳಿಯವರು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಾಗ ಕೈಗೂಸನ್ನು ಎತ್ತಿಕೊಂಡು ಹಿಂದೆಯೇ ಬಂದಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಆ ಕೈಗೂಸು, ನೀಲಾ, ಈಗ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುವ ಯುವತಿ. ಅಪ್ಪ ಮಗಳು ಇಬ್ಬರೇ ಕ್ರೋಯ್ಡನ್‌ನ ಒಂದು ಫ್ಲ್ಯಾಟಿನಲ್ಲಿದ್ದರು.

ಪಾರ್ಶ್ವವಾಯುವಿನಿಂದ ಅವರ ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿತ್ತು. ಹಾಗಾದಾಗ ಮಾತು ಉಳಿಯುತ್ತದೆ, ಎಡಗೈ ಎಡಗಾಲು ಸೋಲುತ್ತವೆ. ಇನ್ನೊಂದು ವಿಚಿತ್ರವೂ ಸೇರಿಕೊಳ್ಳುತ್ತದೆ. ಅದಕ್ಕೆ ನಾವು ನೆಗ್ಲೆಕ್ಟ್ ಎನ್ನುತ್ತೇವೆ. ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಜಗತ್ತು ಗಮನಕ್ಕೇ ಬರುವುದಿಲ್ಲ. ತಟ್ಟೆಯ ಎಡ ಅರ್ಧದ ಅನ್ನ ಹಾಗೇ ಉಳಿಯುತ್ತದೆ, ಗಡ್ಡ ಬಲಗೆನ್ನೆಯದಷ್ಟೇ ಬೋಳಾಗುತ್ತದೆ. ಗುರುಪಾದಪ್ಪನವರಿಗೆ ಇದು ಮಧ್ಯಮ ಪ್ರಮಾಣದಲ್ಲಿತ್ತು.

ಮೊದಲ ವಾರ ಅವರ ಎಡಗೈ ಬಹುತೇಕ ನಿಶ್ಚಲ. ನನ್ನ ಸಹೋದ್ಯೋಗಿ, ಫಿಸಿಯೋ ಕ್ಲೇರ್, ಪರೀಕ್ಷಿಸಿ ಬೆರಳಿನ ತುದಿಯಲ್ಲಿ ಸ್ವಲ್ಪ ಮಿಡುಕಾಟವಿದೆ ಎಂದು ಬರೆದು, ಕಾಲಿನ ಕೆಲಸಕ್ಕೆ ಇಳಿದಳು. ಕೈ ನನ್ನ ಪಾಲಿಗೆ ಬಂತು. ಎರಡನೇ ವಾರದಿಂದ ನಾನು ಬೆಳಗಿನ ಟೀ ಹೊತ್ತಿಗೆ ಅವರ ಎಡಬದಿಯಲ್ಲಿ ಕುಳಿತು ಒಂದು ಬಿಸ್ಕತ್ತು ಹಿಡಿಯುತ್ತಿದ್ದೆ. ಎಡಗೈಯಲ್ಲಿ ತೆಗೆದುಕೊಂಡು ತಿನ್ನಬೇಕು, ಇನ್ನೊಂದನ್ನು ಎಡಗೈಯಲ್ಲೇ ನನಗೆ ಕೊಡಬೇಕು. ತಿನ್ನುವ ಆಸೆ ಇದ್ದರೆ ಕೈ ತಾನೇ ಏಳುತ್ತದೆ ಎಂಬುದು ಲೆಕ್ಕಾಚಾರ. ಗುರುಪಾದಪ್ಪನವರು ನಕ್ಕು, ಬಲಗೈಯನ್ನು ಎದೆಯ ಅಡ್ಡವಾಗಿ ಚಾಚಿ ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದರು. ನಾಲ್ಕೈದು ದಿನ ಹೀಗೇ ಆಯಿತು. ಒಮ್ಮೆ ನಾನು ಅವರ ಬಲಗೈಯನ್ನು ಮೆಲ್ಲಗೆ ಹಿಡಿದುಕೊಂಡು, ಈಗ ತಗೊಳ್ಳಿ ಎಂದೆ. ಅವರು ಮುಖ ಚಿಕ್ಕದು ಮಾಡಿಕೊಂಡು ಹೇಳಿದರು:

"ಎಡಗೈಲೆ ತಗೊಳ್ಳಾಕ ಬರಂಗಿಲ್ರೀ, ಮೇಡಂ."

ಇಡೀ ಘಟಕದಲ್ಲಿ ಅವರ ಭಾಷೆ ಬಲ್ಲವಳು ನಾನೊಬ್ಬಳೇ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು. ಬರಂಗಿಲ್ಲ ಎಂದರೆ ಬರುವುದಿಲ್ಲ, ಕೈ ಬರುವುದಿಲ್ಲ, ಆಗುವುದಿಲ್ಲ. ಇಷ್ಟು ಸರಳ ವಾಕ್ಯಕ್ಕೆ ದುಭಾಷಿ ಬೇಕೇ? ಅಂದೇ ಕಡತದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಎಡಗೈ ಬಳಸಲು ಅಸಮರ್ಥ, ರೋಗಿಯೇ ಹಾಗೆಂದು ತಿಳಿಸಿದ್ದಾರೆ.

ಕಡತದಲ್ಲಿ ಬಿದ್ದ ಪದಕ್ಕೆ ಕಾಲು ಬರುತ್ತದೆ. ನರ್ಸುಗಳು ಅದನ್ನು ಓದಿ ಅವರ ಲೋಟ, ಬಾಚಣಿಗೆ, ಕನ್ನಡಕ ಎಲ್ಲವನ್ನೂ ಬಲಬದಿಗೆ ಸರಿಸಿದರು. ಶೌಚಾಲಯದಲ್ಲಿ ಎರಡೂ ಕಡೆ ಹಿಡಿಕೆ ಇದ್ದರೂ ಬಲದ್ದನ್ನೇ ಹಿಡಿಸಿದರು. ಯಾರದೂ ತಪ್ಪಲ್ಲ, ನನ್ನ ಬರಹವನ್ನು ನಂಬಿದರು ಅಷ್ಟೇ.

ಮೂರನೇ ವಾರ ನೀಲಾ ಒಂದು ಹಳೆಯ ಗೇಮ್ ಕನ್ಸೋಲ್ ಹೊತ್ತು ತಂದಳು. ಹೊರಗಿನ ವಿದ್ಯುತ್ ಉಪಕರಣ ವಾರ್ಡಿಗೆ ಬರಬೇಕಾದರೆ ಪರೀಕ್ಷೆಯಾಗಿ ಹಸಿರು ಚೀಟಿ ಅಂಟಬೇಕು. ಅದಕ್ಕೆ ನನ್ನ ಸಹಿ ಬೇಕಿತ್ತು. ಸಹಿ ಹಾಕಿದೆನಾದರೂ ಮನಸ್ಸಿರಲಿಲ್ಲ. ಅರವತ್ತು ದಾಟಿದ ರೋಗಿಗೆ ವಿಡಿಯೋ ಗೇಮ್ ಏನು ಚಿಕಿತ್ಸೆ ಎಂದು ಮೂಗು ಮುರಿದಿದ್ದೆ. ನನ್ನ ಕಪಾಟಿನಲ್ಲಿ ಮರದ ಗೂಟಗಳು, ಬಣ್ಣದ ಉಂಗುರಗಳು ಧೂಳು ತಿನ್ನುತ್ತಿದ್ದವು. ಅವು ಮಾತ್ರ ವಿಜ್ಞಾನ ಎಂದು ನಾನು ತಿಳಿದಿದ್ದೆ.

ಆ ಆಟದ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನೀವು ಹುಡುಕುತ್ತೀರಿ, ಅಲ್ಲಿ ಯಾರೋ ಕೊಟ್ಟ ಎರಡೂವರೆ ನಕ್ಷತ್ರ ಕಾಣುತ್ತದೆ, ಅದು ನನ್ನಿಂದ ಸಹಿಸಲಾಗದು. ನೀಲಾ ಏಳು ವರ್ಷದವಳಿದ್ದಾಗ ಅಂಗಡಿಯ ಬಾಗಿಲಲ್ಲಿಟ್ಟ ಅಗ್ಗದ ಮಾರಾಟದ ಬುಟ್ಟಿಯಲ್ಲಿ ಗುರುಪಾದಪ್ಪನವರಿಗೆ ಸಿಕ್ಕಿದ್ದು. ಮಗಳು ಬೇರೆ ಆಟ ಕೇಳಿದ್ದಳು, ಶಾಲೆಯ ಮಕ್ಕಳೆಲ್ಲರ ಬಳಿಯೂ ಇದ್ದ ಪ್ರಸಿದ್ಧವಾದದ್ದನ್ನು. ಅಪ್ಪ ಮುಖಪುಟದ ಹಳದಿ ಕಾರನ್ನು ನೋಡಿ ಇದೇ ಇರಬೇಕೆಂದು ತಂದರು. ಅವಳು ಎರಡು ದಿನ ಅತ್ತಳಂತೆ. ಮೂರನೇ ದಿನದಿಂದ ಕನ್ಸೋಲಿನಿಂದ ಆ ಡಿಸ್ಕ್ ಹೊರಬರಲಿಲ್ಲ.

ಅದರಲ್ಲಿ ಇರುವುದು ಐದೇ ರಸ್ತೆ. ಕಾರುಗಳ ಬಣ್ಣ ಬೇರೆ, ಓಟ ಒಂದೇ. ಗೇರಿಲ್ಲ, ಟೈರ್ ಸವೆಯುವುದಿಲ್ಲ, ಪೆಟ್ರೋಲ್ ಮುಗಿಯುವುದಿಲ್ಲ. ನಿಜವಾದ ಕಾರಿನಂತಿಲ್ಲ ಎಂದು ಬಲ್ಲವರು ಜರೆದಿದ್ದಾರೆ. ಇಲ್ಲವೇ ಇಲ್ಲ, ಅದೇ ಅದರ ಚೆಲುವು. ಮೇಲೆ ಗಡಿಯಾರ ಇಳಿಯುತ್ತಿರುತ್ತದೆ, ಮುಗಿಯುವ ಹೊತ್ತಿಗೆ ಒಂದು ಕಮಾನು ಬರುತ್ತದೆ, ದಾಟಿದರೆ ಇನ್ನಷ್ಟು ಸೆಕೆಂಡು ಸಿಗುತ್ತವೆ. ತಿರುವಿನಲ್ಲಿ ಬ್ರೇಕನ್ನು ತುಸು ಮುಟ್ಟಿ ತಿರುಗಿಸಿದರೆ ಗಾಡಿ ಅಡ್ಡಡ್ಡ ಜಾರುತ್ತ ಹೋಗುತ್ತದೆ, ಬೆಣ್ಣೆ ಹಚ್ಚಿದ ಕಾವಲಿಯ ಮೇಲೆ ದೋಸೆ ಜಾರಿದ ಹಾಗೆ. ಗೋಡೆಗೆ ಗುದ್ದಿದಿರೋ, ಗಾಡಿ ಒಂದು ಸುತ್ತು ಸುತ್ತಿ ಮತ್ತೆ ರಸ್ತೆಗೆ ಬಂದು ನಿಲ್ಲುತ್ತದೆ. ಗೀರಿಲ್ಲ, ದಂಡವಿಲ್ಲ, ಬೈಗುಳವಿಲ್ಲ. ಲಂಡನ್ನಿನಲ್ಲಿ ಎರಡು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದ ನನಗೆ ಅದಕ್ಕಿಂತ ದೊಡ್ಡ ಕರುಣೆ ಕಲ್ಪಿಸಿಕೊಳ್ಳಲೂ ಆಗದು. ನಾನು ಇದನ್ನೆಲ್ಲ ತಿಳಿದದ್ದು ಆಮೇಲೆ. ಆಗ ನನಗೆ ಅದು ಬರೀ ಗದ್ದಲ.

ಅಪ್ಪ ಮಗಳು ಆಡುತ್ತಿದ್ದ ರೀತಿ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಆಟದ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಬಲಗೈಯ ಬೆರಳು ವೇಗ ಕೊಡುತ್ತದೆ, ಎಡಗೈಯ ಹೆಬ್ಬೆರಳು ಒಂದು ಪುಟ್ಟ ಗುಬಟನ್ನು ವಾಲಿಸಿ ಗಾಡಿ ತಿರುಗಿಸುತ್ತದೆ. ಅಪ್ಪನ ಎಡಗೈ ಆಗದೆಂದು ನಾವೇ ಹೇಳಿದ್ದೆವಲ್ಲ. ಹಾಗಾಗಿ ಕಂಟ್ರೋಲರನ್ನು ಅಪ್ಪನ ತೊಡೆಯ ದಿಂಬಿನ ಮೇಲಿಟ್ಟು, ಅವರ ಎಡಗೈಯನ್ನು ಅದರ ಮೇಲೆ ಸುಮ್ಮನೆ ಒರಗಿಸಿ, ನೀಲಾ ಎಡಬದಿಯಲ್ಲಿ ಕುಳಿತು ತನ್ನ ಎಡಗೈಯಿಂದ ತಿರುಗಿಸುತ್ತಿದ್ದಳು. ಅಪ್ಪನದು ವೇಗ, ಮಗಳದು ದಾರಿ.

"ಇಪ್ಪತ್ತು ವರ್ಷ ಟ್ರಾಮ್ ಓಡಿಸೀನ್ರೀ," ಎಂದು ಅವರು ಒಮ್ಮೆ ನನಗೆ ಹೇಳಿದರು. "ಒಮ್ಮೆನೂ ತಿರುಗಿಸಿಲ್ಲ. ಹಳಿ ಎತ್ತಾಗ ಹೋಗ್ತೈತಿ, ನಾನೂ ಅತ್ತಾಗ. ತಿರುಗಿಸಿದ್ದು ಈ ಆಟದಾಗ ಅಷ್ಟ."

ಆರನೇ ವಾರದ ಕೊನೆಗೆ ಪರಿಸ್ಥಿತಿ ಕೈಮೀರುತ್ತ ಬಂತು. ಪುನಶ್ಚೇತನದ ಹಾಸಿಗೆಗೆ ಸಾಲು ಉದ್ದವಿರುತ್ತದೆ. ಪ್ರಗತಿ ನಿಂತವರನ್ನು ಉಳಿಸಿಕೊಳ್ಳುವಂತಿಲ್ಲ. ಮುಂದಿನ ಗುರುವಾರ ತಂಡದ ಸಭೆ. ನಾನು ಅವರ ಫ್ಲ್ಯಾಟಿಗೆ ಹೋಗಿ ಅಳತೆ ತೆಗೆದು ಬಂದಿದ್ದೆ. ಬಾತ್‌ರೂಮು ಕಿರಿದು. ಬಲಗೋಡೆ ತೆಳುವಾದ ಹಲಗೆಯದು, ಮನುಷ್ಯನ ಭಾರ ಹೊರುವ ಹಿಡಿಕೆ ಅದರಲ್ಲಿ ನಿಲ್ಲದು. ಇಟ್ಟಿಗೆಯ ಗೋಡೆ ಇರುವುದು ಎಡಕ್ಕೆ. ಎಂದರೆ ಗುರುಪಾದಪ್ಪನವರು ಎಡಗೈಯಲ್ಲಿ ಹಿಡಿಕೆ ಹಿಡಿದು ನಿಂತು, ಬಲಗೈಯಲ್ಲಿ ಪ್ಯಾಂಟು ಏರಿಸಿಕೊಳ್ಳಬಲ್ಲರಾದರೆ ಒಬ್ಬ ಆರೈಕೆಯವರ ಸಹಾಯದಿಂದ ಮನೆಯಲ್ಲಿರಬಹುದು. ಇಲ್ಲವಾದರೆ ಇಬ್ಬರು ಬೇಕು, ಇಬ್ಬರು ಆ ಬಾತ್‌ರೂಮಿನಲ್ಲಿ ಹಿಡಿಸುವುದಿಲ್ಲ. ಆಗ ಉಳಿಯುವುದು ನರ್ಸಿಂಗ್ ಹೋಮ್. ಇಡೀ ಮನೆಯ ಪ್ರಶ್ನೆ ಒಂದು ಎಡಗೈಗೆ ಬಂದು ನಿಂತಿತ್ತು. ಆ ಎಡಗೈಯ ಮುಂದೆ ಅಸಮರ್ಥ ಎಂದು ಬರೆದವಳು ನಾನು.

ಸೋಮವಾರ ಮಧ್ಯಾಹ್ನ ಮೂರಕ್ಕೆ ನರ್ಸಿಂಗ್ ಹೋಮುಗಳ ಪಟ್ಟಿ ಹಿಡಿದು ಅವರ ಕೋಣೆಗೆ ಹೋದೆ. ಗುರುವಾರ ಏನಾಗಬಹುದೆಂದು ನೀಲಾಗೆ ಮೊದಲೇ ತಿಳಿಸುವುದು ನನ್ನ ಕರ್ತವ್ಯ. ಬಾಗಿಲಲ್ಲೇ ನಿಂತೆ. ಆಟ ನಡೆದಿತ್ತು. ನೀಲಾ ನನ್ನನ್ನು ನೋಡಲಿಲ್ಲ, ನೋಡಿದ್ದರೆ ಕೈಯಲ್ಲಿದ್ದ ಪಟ್ಟಿಯೂ ಕಾಣುತ್ತಿತ್ತು. ಸ್ವಲ್ಪ ಹೊತ್ತು ಆಡಿಕೊಳ್ಳಲಿ ಎನಿಸಿತು.

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಲೈಬ್ರರಿಯಿಂದ ಇರಬೇಕು. ಅವಳು ಇಂಗ್ಲಿಷಿನಲ್ಲಿ ಒಂದು ನಿಮಿಷ ಅಪ್ಪಾ ಎಂದು ಹೇಳಿ, ಎದ್ದು ಕಿಟಕಿಯ ಬಳಿ ಹೋದಳು. ಅಪ್ಪನ ಬಲಬೆರಳು ವೇಗದ ಗುಂಡಿಯ ಮೇಲೆಯೇ ಇತ್ತು. ತೆರೆಯ ಮೇಲೆ ಹಳದಿ ಗಾಡಿ ಸುರಂಗದಲ್ಲಿ ಓಡುತ್ತಿತ್ತು. ಸುರಂಗ ಮುಗಿದ ಕೂಡಲೇ ಬಂದರು ಬರುತ್ತದೆ, ಬಂದರಿನ ಸುತ್ತ ರಸ್ತೆ ಎಡಕ್ಕೆ ಉದ್ದಕ್ಕೂ ಬಾಗುತ್ತದೆ. ಈಗ ಗೋಡೆಗೆ ಹೊಡೆಯುತ್ತದೆ ಎಂದುಕೊಂಡೆ.

ಗಾಡಿ ಎಡಕ್ಕೆ ತಿರುಗಿತು.

ತುಸು ಒರಟಾಗಿ, ಅಂಚಿನ ಕಲ್ಲಿಗೆ ಸವರಿಕೊಂಡು, ಆದರೂ ತಿರುಗಿತು. ಎಡಗಡೆಯ ನೀಲಿ ಸಮುದ್ರ ತೆರೆಯ ಮೇಲೆ ಅಗಲವಾಯಿತು, ಕಮಾನು ಬಂತು, ಹೆಚ್ಚುವರಿ ಸೆಕೆಂಡು ಸಿಕ್ಕಿದ ಸದ್ದಾಯಿತು. ನಾನು ತೆರೆ ಬಿಟ್ಟು ದಿಂಬಿನ ಕಡೆ ನೋಡಿದೆ. ಗುರುಪಾದಪ್ಪನವರ ಎಡ ಹೆಬ್ಬೆರಳು ಗುಬಟಿನ ಮೇಲಿತ್ತು. ಉಳಿದ ನಾಲ್ಕು ಬೆರಳು ಕಂಟ್ರೋಲರಿನ ಕೆಳಗೆ ಬಿಗಿಯಾಗಿ ಮಡಿಸಿಕೊಂಡಿದ್ದವು. ಬಿಗಿಯಾಗಿ! ನನ್ನ ಕೈಯಲ್ಲಿದ್ದ ಪಟ್ಟಿಯನ್ನು ಮಡಿಸಿ ಜೇಬಿಗೆ ತುರುಕಿದೆ.

ನೀಲಾ ಫೋನ್ ಮುಗಿಸುವವರೆಗೂ ಬಾಗಿಲಲ್ಲೇ ಕಾದೆ. ಆಮೇಲೆ ಕುರ್ಚಿ ಎಳೆದುಕೊಂಡು ಅವರ ಎಡಬದಿಯಲ್ಲಿ ಕುಳಿತು, ಇನ್ನೊಂದು ಸುತ್ತು ಒಬ್ಬರೇ ಆಡಿ ತೋರಿಸಿ ಎಂದೆ. ಆಡಿದರು. ಬಲ ತಿರುವುಗಳಲ್ಲಿ ಸಲೀಸು, ಎಡ ತಿರುವುಗಳಲ್ಲಿ ತಡ. ಎರಡು ಸಲ ಗೋಡೆಗೆ ಗುದ್ದಿದರು, ಎರಡು ಸಲವೂ ಗಾಡಿ ಸುತ್ತಿ ಎದ್ದು ನಿಂತಿತು. ನಾನು ಚೀಲದಿಂದ ಬಿಸ್ಕತ್ತು ತೆಗೆದು ಅದೇ ಎಡಗೈಯ ಮುಂದೆ ಹಿಡಿದೆ. ಅವರ ಬಲಗೈ ಎದೆಯ ಅಡ್ಡಕ್ಕೆ ಬಂತು.

ಆಗ ಮೊದಲ ಬಾರಿಗೆ ನಾನು ಕೇಳಬೇಕಾದ್ದನ್ನು ಕೇಳಿದೆ. ಎಡಗೈಯಲ್ಲಿ ಗಾಡಿ ತಿರುಗಿಸುವವರು ಬಿಸ್ಕತ್ತು ಯಾಕೆ ತೆಗೆದುಕೊಳ್ಳುವುದಿಲ್ಲ? ಅವರು ನನ್ನನ್ನೇ ಅಚ್ಚರಿಯಿಂದ ನೋಡಿದರು.

"ಹೇಳಿದ್ನೆಲ್ರೀ, ಬರಂಗಿಲ್ಲಂತ. ಎಡಗೈಲೆ ತಿನ್ನಾಕ ಬರ್ತೈತೇನ್ರೀ? ನಿಮ್ಮಂಥಾ ದೊಡ್ಡವ್ರಿಗೆ ಎಡಗೈಲೆ ಕೊಡಾಕ ಬರ್ತೈತೇನು? ನಮ್ಮವ್ವ ಹಂಗ ಕಲಿಸಿಲ್ಲ. ಈ ಇಂಗ್ಲಿಷ್ ಮಂದಿಗೆ ಗೊತ್ತಿಲ್ಲ ಬಿಡ್ರಿ, ನಿಮಗರ ಗೊತ್ತಿರ್ತೈತಿ ಅಂತ ತಿಳಿದಿದ್ದೆ."

ನನ್ನ ಕಿವಿ ಬಿಸಿಯಾಯಿತು. ಹುಬ್ಬಳ್ಳಿ ಕಡೆ 'ಮಾಡಾಕ ಬರಂಗಿಲ್ಲ' ಎಂದರೆ ಕೈಲಾಗುವುದಿಲ್ಲ ಎಂದೂ ಆಗುತ್ತದೆ, ಮಾಡಬಾರದು, ಸಲ್ಲದು ಎಂದೂ ಆಗುತ್ತದೆ. ಮೈಸೂರಿನ ನನ್ನ ಕಿವಿಗೆ ಮೊದಲನೆಯದಷ್ಟೇ ಕೇಳಿಸಿತ್ತು. ಅವರು ಸಂಕೋಚದಿಂದ ಮರ್ಯಾದೆಯ ಮಾತು ಹೇಳಿದ್ದರು, ನಾನು ಅದನ್ನು ರೋಗಲಕ್ಷಣವಾಗಿ ಬರೆದುಕೊಂಡೆ. ಅದಕ್ಕಿಂತ ನಾಚಿಕೆಯ ಸಂಗತಿ ಬೇರೆಯೇ ಇದೆ. ನನ್ನ ಮನೆಯಲ್ಲಿ ಹಬ್ಬದ ದಿನ ಬಂದವರಿಗೆ ನಾನು ಎಡಗೈಯಲ್ಲಿ ತಾಂಬೂಲ ಕೊಡುವೆನೇ? ಕೊಡಹೋದರೆ ನನ್ನ ಕೈಯೇ ಒಪ್ಪದು. ಬ್ಯಾಡ್ಜ್ ಕೊರಳಿಗೆ ಬಿದ್ದೊಡನೆ ಅದು ನನಗೆ ಮರೆತೇಹೋಗಿತ್ತು.

ಹಾಗಾದರೆ ಆಟದಲ್ಲಿ ಹೇಗೆ ಬಂತು ಎಂದು ಕೇಳಿದೆ.

"ಆಟದಾಗ ಯಾರಿಗೂ ಏನೂ ಕೊಡಂಗಿಲ್ಲಲ್ರೀ," ಎಂದರು. "ತಿನ್ನೂದೂ ಇಲ್ಲ. ಅಲ್ಲಿ ಎಡಗೈಗೆ ಅದರದ ಕೆಲಸ ಐತಿ."

ಹೊರಗೆ ಬಂದಾಗ ನೀಲಾ ನನ್ನ ಹಿಂದೆಯೇ ಕಾರಿಡಾರಿಗೆ ಬಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಎಡಚಿ ಎಂಬುದು ನನಗೆ ಗೊತ್ತಾದದ್ದು ಆಗಲೇ. ಚಿಕ್ಕಂದಿನಲ್ಲಿ ಅಪ್ಪ ಒಮ್ಮೆಯೂ ಹೊಡೆದವರಲ್ಲ, ಗದರಿದವರಲ್ಲ ಎಂದಳು. ಚಮಚವನ್ನು ಅವಳ ಎಡಗೈಯಿಂದ ತೆಗೆದು ಬಲಗೈಗೆ ಇಡುತ್ತಿದ್ದರಂತೆ, ಪ್ರತಿ ಊಟಕ್ಕೂ, ಪ್ರತಿ ತುತ್ತಿಗೂ, ಅಷ್ಟೇ ಶಾಂತವಾಗಿ. ಪೆನ್ಸಿಲನ್ನೂ ಹಾಗೆಯೇ. ತನ್ನ ಎಡಗೈಯಲ್ಲಿ ಏನೋ ದೋಷವಿದೆಯೆಂದುಕೊಂಡೇ ಅವಳು ಬೆಳೆದಳು. ಆ ಆಟದಲ್ಲಿ ಮಾತ್ರ ತಿರುಗಿಸುವುದು ಎಡ ಹೆಬ್ಬೆರಳು, ಅದನ್ನು ಬದಲಾಯಿಸಲು ಅಪ್ಪನಿಗೂ ದಾರಿ ಇರಲಿಲ್ಲ. ಅವಳು ಪ್ರತಿಸಲ ಗೆಲ್ಲುತ್ತಿದ್ದಳು. ನಿನ್ನ ಎಡಗೈ ಭಾಳ ಚುರುಕ ಐತಿ ಎಂದು ಅಪ್ಪ ಹೊಗಳುತ್ತಿದ್ದದ್ದು ಆ ಸೋಫಾದ ಮೇಲೆ ಮಾತ್ರ. ಅದಕ್ಕೇ ಪ್ರಸಿದ್ಧ ಆಟ ಬಂದ ಮೇಲೂ ಅವಳು ಈ ಡಿಸ್ಕನ್ನು ಬಿಡಲಿಲ್ಲ, ಅದಕ್ಕೇ ಆಸ್ಪತ್ರೆಗೂ ಹೊತ್ತು ತಂದಳು. ಇಷ್ಟು ಹೇಳಿ ಕಣ್ಣೊರೆಸಿಕೊಂಡಳು, ಎಡಗೈಯಲ್ಲಿ.

ಗುರುವಾರಕ್ಕೆ ಮೂರು ದಿನವಿತ್ತು. ಎಡಗೈಯಲ್ಲಿ ಇನ್ನೂ ಬಲ ಕಡಿಮೆ, ನೆಗ್ಲೆಕ್ಟ್ ಪೂರ್ತಿ ಹೋಗಿಲ್ಲ, ಇವೆರಡೂ ನಿಜ. ನಾನು ಕಂಡದ್ದನ್ನು ಹಿಗ್ಗಿಸಿ ಹೇಳುವಂತಿರಲಿಲ್ಲ. ಒಂದು ಗೇಮ್ ಆಡಿದರೆಂದು ಸಭೆ ಒಪ್ಪುವುದೂ ಇಲ್ಲ. ನಿತ್ಯದ ಕೆಲಸದಲ್ಲಿ ಎಡಗೈ ತಾನಾಗಿ ಏಳುವುದನ್ನು ತೋರಿಸಬೇಕು. ನಾನು ಅವರ ಮಾತನ್ನೇ ಹಿಡಿದು ಕುಳಿತೆ: ಎಡಗೈಗೆ ಅದರದೇ ಕೆಲಸ. ನಮ್ಮ ಮನೆಗಳಲ್ಲಿ ಎಡಗೈಗೆ ಸಲ್ಲುವ ಕೆಲಸ ಯಾವುದು?

ಉತ್ತರ ಹೊಳೆದದ್ದು ಅದೇ ಸಂಜೆ ನನ್ನ ಅಡುಗೆಮನೆಯಲ್ಲಿ, ಊಟದ ನಡುವೆ. ಬಲಗೈ ಎಂಜಲಾಗಿತ್ತು. ಸಾರು ಬೇಕಾಯಿತು. ನಾನು ಎಡಗೈಯಲ್ಲಿ ಸೌಟು ತೆಗೆದುಕೊಂಡು ಬಡಿಸಿಕೊಂಡೆ. ಸೌಟನ್ನು ಹಿಡಿದುಕೊಂಡೇ ನಕ್ಕೆ.

ಮಂಗಳವಾರ ಮಧ್ಯಾಹ್ನ ನೀಲಾ ಡಬ್ಬಿಯಲ್ಲಿ ಅನ್ನ, ಸಾರು, ಮೊಸರು ತಂದಳು. ಘಟಕದ ತರಬೇತಿ ಅಡುಗೆಮನೆಯಲ್ಲಿ ಮೇಜು ಹಾಕಿದೆ. ಚಮಚ ಕೊಡಲಿಲ್ಲ, ಕೈಯಲ್ಲೇ ಊಟ. ಸೌಟಿಟ್ಟ ಸಾರಿನ ಪಾತ್ರೆಯನ್ನು ಎಡಬದಿಗೆ, ಗಮನಕ್ಕೆ ಬರುವ ಅಂಚಿನಲ್ಲಿಟ್ಟೆ. ಕ್ಲೇರಳನ್ನು ಕರೆದು ಮೂಲೆಯಲ್ಲಿ ಕೂರಿಸಿದೆ, ಅವಳ ಕೈಗೆ ಅಂಕ ಬರೆಯುವ ಹಾಳೆ ಕೊಟ್ಟೆ. ಎಡಗೈ ಎಂಬ ಪದವನ್ನು ಯಾರೂ ಎತ್ತಬಾರದೆಂದು ತಾಕೀತು ಮಾಡಿದ್ದೆ.

ಗುರುಪಾದಪ್ಪನವರು ಆರು ವಾರದ ಮೇಲೆ ಕೈಯಲ್ಲಿ ಕಲಸಿ ಉಣ್ಣುತ್ತಿದ್ದರು. ಮೊದಲು ತಟ್ಟೆಯ ಬಲ ಅರ್ಧ ಖಾಲಿಯಾಯಿತು. ಆಮೇಲೆ ತಲೆ ತಿರುಗಿಸಿ ಎಡ ಅರ್ಧವನ್ನೂ ಹುಡುಕಿಕೊಂಡರು. ಅನ್ನ ಒಣಗಿತು. ಸಾರಿನ ಪಾತ್ರೆ ನೋಡಿದರು. ಬಲಗೈ ನೋಡಿಕೊಂಡರು, ಬೆರಳ ತುಂಬ ಅನ್ನದಗುಳು. ಬಡಿಸುವವರು ಯಾರೂ ಏಳಲಿಲ್ಲ. ನೀಲಾ ತುಟಿ ಕಚ್ಚಿಕೊಂಡು ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಅವರ ಎಡಭುಜ ಮೊದಲು ಅಲುಗಿತು, ಆಮೇಲೆ ಕೈ ಮೇಜಿನ ಮೇಲೆ ತೆವಳಿಕೊಂಡು ಹೋಯಿತು, ಬೆರಳು ತೆರೆದು ಸೌಟಿನ ಹಿಡಿಯ ಸುತ್ತ ಮಡಿಸಿಕೊಂಡವು. ಅರ್ಧ ಸೌಟು ಸಾರು ತಟ್ಟೆಗೂ ಇನ್ನರ್ಧ ಮೇಜಿಗೂ ಬಿತ್ತು.

"ಉಪ್ಪು ಕಮ್ಮಿ ಐತಿ," ಎಂದು ಮಗಳಿಗೆ ಹೇಳಿ ಊಟ ಮುಂದುವರಿಸಿದರು. ತಾವೇನು ಮಾಡಿದೆವೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಕ್ಲೇರ್ ಹಾಳೆಯ ಮೇಲೆ ಬರೆಯುವುದನ್ನು ಮರೆತು ಕುಳಿತಿದ್ದಳು. ಇದು ಹೇಗೆ ಸಾಧ್ಯವಾಯಿತೆಂದು ಕೇಳಿದ ಅವಳಿಗೆ ಎಂಜಲು ಎಂಬ ಪದವನ್ನು ವಿವರಿಸಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಪದವಿಲ್ಲ. ಬುಧವಾರ ಬೆಳಿಗ್ಗೆ ಅವಳೇ ಅವರನ್ನು ಎಡಬದಿಯ ಹಿಡಿಕೆಗೆ ಕರೆದೊಯ್ದಳು. ಹಿಡಿಕೆ ಹಿಡಿಯುವುದರಲ್ಲಿ ಕೊಡುವುದೂ ಇಲ್ಲ, ತಿನ್ನುವುದೂ ಇಲ್ಲ, ಇದು ಬಚ್ಚಲಿನ ಕೆಲಸ, ಅದು ಎಡಗೈಯದೇ ಎಂದು ನಾನು ಅವರಿಗೆ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಮೊದಲ ಸಲ ಏಳು ಸೆಕೆಂಡು ನಿಂತರು. ಮಧ್ಯಾಹ್ನ ಹನ್ನೊಂದು. ನೀಲಾ ಪಕ್ಕದಲ್ಲಿ ನಿಂತು, ಆಟದಲ್ಲಿ ಕಮಾನು ದಾಟಿದಾಗ ಆಗುವ ಸದ್ದನ್ನು ಬಾಯಲ್ಲಿ ಮಾಡಿದಳು. ಅವರು ನಗುತ್ತ ಇನ್ನೆರಡು ಸೆಕೆಂಡು ನಿಂತರು.

ಗುರುವಾರದ ಸಭೆಯಲ್ಲಿ ಕನ್ಸಲ್ಟೆಂಟ್ ಡಾಕ್ಟರು, ಸಮಾಜ ಕಾರ್ಯಕರ್ತೆ, ಕ್ಲೇರ್, ಮೇಜಿನ ಕೊನೆಯಲ್ಲಿ ನೀಲಾ. ನನ್ನ ಸರದಿ ಬಂದಾಗ ಮೊದಲು ಕಡತ ತೆರೆದು ಎರಡನೇ ವಾರದ ನನ್ನ ವಾಕ್ಯ ಓದಿದೆ. ಇದು ತಪ್ಪು ಬರಹ, ತಪ್ಪು ನನ್ನದು, ರೋಗಿ ಹೇಳಿದ್ದು ಆಗುವುದಿಲ್ಲ ಎಂದಲ್ಲ, ಮಾಡಬಾರದು ಎಂದು ಅಂದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಇಡೀ ತಂಡದೆದುರು ಹಾಗೆ ಹೇಳಿದ್ದು ಅದೇ ಮೊದಲು. ಆಮೇಲೆ ಕ್ಲೇರ್ ತನ್ನ ಅಂಕಿಗಳನ್ನಿಟ್ಟಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಇನ್ನು ನಾಲ್ಕು ವಾರ ಕೊಡೋಣ, ಗುರಿ ಮನೆ ಎಂದರು. ಮೇಜಿನ ಕೆಳಗೆ ನೀಲಾಳ ಎಡ ಹೆಬ್ಬೆರಳು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು, ಇಲ್ಲದ ಗುಬಟನ್ನು ವಾಲಿಸುವಂತೆ.

ಆ ನಾಲ್ಕು ವಾರ ನನ್ನ ಗೂಟ, ಉಂಗುರ ಕಪಾಟಿನಲ್ಲೇ ಉಳಿದವು. ಪ್ರತಿದಿನ ಮೂರು ಗಂಟೆಗೆ ಹಳದಿ ಗಾಡಿ. ಸಮುದ್ರ ಯಾವಾಗಲೂ ಎಡಗಡೆ ಇರುವ ರಸ್ತೆಯನ್ನೇ ಆರಿಸಿದೆವು, ಎಡವನ್ನು ನೋಡದೆ ಅದರಲ್ಲಿ ಗೆಲ್ಲಲಾಗದು. ನನ್ನನ್ನೂ ಆಡಲು ಕೂರಿಸಿದರು. ಮೊದಲ ದಿನ ನಾನು ಒಂದೇ ಸುತ್ತಿನಲ್ಲಿ ಹದಿನಾಲ್ಕು ಸಲ ಗೋಡೆಗೆ ಗುದ್ದಿದೆ. "ಟ್ರಾಮ್ ಭಾಳ ಸೇಫ್ ಐತ್ರಿ ನಿಮಗ," ಎಂದು ಗುರುಪಾದಪ್ಪನವರು ಸಮಾಧಾನ ಹೇಳಿದರು. ಹದಿನಾಲ್ಕು ಸಲವೂ ಗಾಡಿ ಸುತ್ತಿ ಎದ್ದು ನಿಂತಿತು. ಬಿದ್ದವರನ್ನು ಇಷ್ಟು ಬೇಗ ರಸ್ತೆಗೆ ಮರಳಿಸುವ ಇನ್ನೊಂದು ಜಾಗವನ್ನು ನಾನು ನೋಡಿಲ್ಲ. ನಮ್ಮ ಘಟಕವನ್ನೂ ಸೇರಿಸಿಯೇ ಈ ಮಾತು.

ಅವರು ಮನೆಗೆ ಹೋದರು. ಎಡಗೋಡೆಗೆ ಬಿಳಿ ಹಿಡಿಕೆ ಬಂತು, ಬೆಳಿಗ್ಗೆ ಒಬ್ಬ ಆರೈಕೆಯವರು ಬರತೊಡಗಿದರು. ಆರು ವಾರದ ನಂತರ ನಾನು ಕೊನೆಯ ಭೇಟಿಗೆ ಹೋದೆ. ಬಾಗಿಲು ತೆರೆದವರು ಅವರೇ. ಬಲಗೈಯಲ್ಲಿ ಊರುಗೋಲು ಇತ್ತು. ಸೋಫಾದ ಮುಂದೆ ಆಟ ನಿಂತಿತ್ತು, ಹಳದಿ ಗಾಡಿ ಬಂದರಿನ ತಿರುವಿನಲ್ಲಿ ಕಾಯುತ್ತಿತ್ತು. ನಾನು ಹಿಡಿಕೆ ಪರೀಕ್ಷಿಸಿ, ಕಾಗದ ತುಂಬಿ, ಪ್ರಕರಣ ಮುಕ್ತಾಯ ಎಂದು ಬರೆದೆ. ನೀಲಾ ಟೀ ತಂದಳು. ಅವಳಿಗೆ ಲೈಬ್ರರಿಯಲ್ಲಿ ಬಡ್ತಿ ಸಿಕ್ಕಿತ್ತಂತೆ, ಅಂದೇ ಪತ್ರ ಬಂದಿತ್ತು. ಅಪ್ಪ ಮೇಜಿನ ಹತ್ತಿರ ನಿಂತಿದ್ದರು. ಪೇಡೆಯ ಡಬ್ಬಿ ತೆರೆದಿತ್ತು. ಬಲಗೈಯ ಊರುಗೋಲು ಬಿಡುವಂತಿಲ್ಲ. ಅವರು ಒಂದು ಕ್ಷಣ ಡಬ್ಬಿಯನ್ನು, ಮಗಳನ್ನು, ನನ್ನನ್ನು ನೋಡಿದರು. ಆಮೇಲೆ ಎಡಗೈಯನ್ನು ನಿಧಾನವಾಗಿ ಎತ್ತಿ ಒಂದು ಪೇಡೆ ಹಿಡಿದು ಅವಳ ಕಡೆ ಚಾಚಿದರು.

"ತಗೋ ನೀಲಾ," ಎಂದರು. "ಎಡಗೈಲೆ ಕೊಡಾಕ ಬರಂಗಿಲ್ಲ, ಖರೆ. ನಾನ ನಿನಗ ಹೇಳಿ ಹೇಳಿ..."

ನೀಲಾ ಟೀ ತಟ್ಟೆ ಕೆಳಗಿಟ್ಟಳು. ನಾನು ಅವಳನ್ನು ಬಲ್ಲ ಆ ನಾಲ್ಕು ತಿಂಗಳಲ್ಲಿ ಅವಳು ಅಪ್ಪನಿಗೆ ಕನ್ನಡದಲ್ಲಿ ಒಂದು ಪೂರ್ತಿ ಉತ್ತರ ಕೊಟ್ಟದ್ದನ್ನು ಕೇಳಿರಲಿಲ್ಲ. ಅವಳು ತನ್ನ ಎಡಗೈ ಒಡ್ಡಿದಳು.

"ಬರ್ತೈತಿ, ಅಪ್ಪಾ."

ನಾನು ಈಗ ನಿವೃತ್ತಳು. ಎರಡೂವರೆ ನಕ್ಷತ್ರದ ಆ ಆಟವನ್ನು ಹುಡುಕಿ ತರಿಸಿಕೊಂಡಿದ್ದೇನೆ, ಇನ್ನೂ ಗೋಡೆಗೆ ಗುದ್ದುತ್ತೇನೆ. ಕೊನೆಯ ಎರಡು ವರ್ಷ ನನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ನಾನು ಕೊಟ್ಟದ್ದು ಒಂದೇ ಪಾಠ. ರೋಗಿ ಆಗುವುದಿಲ್ಲ ಎಂದರೆ ಬರೆದುಕೊಳ್ಳುವ ಮೊದಲು ಪೆನ್ನು ಕೆಳಗಿಟ್ಟು, ಯಾಕೆ ಎಂದು ಕೇಳಿ. ಅವರ ಭಾಷೆ ನಿಮಗೆ ಚೆನ್ನಾಗಿ ಗೊತ್ತಿದ್ದರೆ, ಎರಡು ಸಲ ಕೇಳಿ.